ಉಳಿದರ್ಧ ಜಪ

ಟೈಲರಮ್ಮನ ಬಾಯಿ ಅವಳ ಕತ್ತರಿಗಿಂತ ಹರಿತ ಅಂತ ಬೀದಿಯವರಿಗೆಲ್ಲ ಗೊತ್ತು. ಆದರೆ ಆ ಶನಿವಾರ ಚರ್ಚಿನಲ್ಲಿ ಪಾಪನಿವೇದನೆಗೆಂದು ಫಾದರ್ ಕೂತ ಜಾಲರಿಯ ಮುಂದೆ ಮೊಣಕಾಲೂರಿದಾಗ ಅದೇ ಬಾಯಿ ಒಣಗಿಹೋಯಿತು ನೋಡಿ.

"ಫಾದರ್, ಅಮ್ಮ ತೀರಿಹೋದಾಗ ನನ್ನ ತಂಗಿಗೆ ತಿಳಿಸ್ಲಿಲ್ಲ. ಹೊಲಿಗೆ ಮೆಷಿನ್ನು ಯಾರಿಗೆ ಅಂತ ಜಗಳ ಆಗಿತ್ತು, ಆ ಸಿಟ್ಟು. ಯಾರೋ ಹೇಳಿ ಅವಳು ಓಡಿ ಬರೋ ಹೊತ್ತಿಗೆ ಮಣ್ಣು ಮುಚ್ಚಿ ಆಗಿತ್ತು. ಈಗ ನನ್ನ ಜಪಮಾಲೆಗೆ ಉತ್ತರ ಹೇಳೋರೇ ಇಲ್ಲ."

ಒಂದು ಮೆಷಿನ್ನು! ಅದೂ ಗಳಿಗೆಗೊಮ್ಮೆ ದಾರ ಕಡಿಯುವಂಥದ್ದು. ಅದಕ್ಕಾಗಿ ಒಡಹುಟ್ಟಿದವಳನ್ನೇ ಕಳೆದುಕೊಂಡವಳಿಗೆ ಏನನ್ನಬೇಕು? ಚಿಕ್ಕಂದಿನಿಂದ ಸಂಜೆಯ 'ನಮೋ ಮರಿಯಾ' ಜಪದಲ್ಲಿ ಅಕ್ಕ ಮೊದಲರ್ಧ, ತಂಗಿ ಉಳಿದರ್ಧ. 'ಪಾಪಿಗಳಾದ ನಮಗಾಗಿ' ಅನ್ನಲು ಬಾರದೆ ಆ ಪುಟ್ಟಿ 'ಪಾಪುಗಳಾದ ನಮಗಾಗಿ' ಅನ್ನೋಳು. ಅಕ್ಕ ತಲೆಗೆ ಮೊಟಕಿದರೆ ಅಮ್ಮ ನಗುತ್ತಾ, "ಬಿಡೇ, ಮರಿಯಮ್ಮನಿಗೆ ಎಲ್ಲರೂ ಪಾಪುಗಳೇ" ಅನ್ನೋಳು. ದೊಡ್ಡವಳಾದ ಮೇಲೂ ಬೇಕಂತಲೇ ಹಾಗೇ ಹೇಳಿ ಅಕ್ಕನನ್ನು ರೇಗಿಸೋಳು, ಕಳ್ಳಿ! ಈಗ ಟೈಲರಮ್ಮ ಮೊದಲರ್ಧ ಹೇಳಿ ಸುಮ್ಮನೆ ಕಾಯುತ್ತಾಳೆ. ಗೋಡೆ ಉತ್ತರ ಕೊಡುತ್ತದೆಯೇ? ಆ ತಪ್ಪನ್ನು ಇನ್ನೊಮ್ಮೆ ಕೇಳಬೇಕೆಂದು ಅವಳ ಜೀವ ಹಂಬಲಿಸುತ್ತಿತ್ತು.

"ದೇವರು ಕ್ಷಮಿಸ್ತಾರಮ್ಮ," ಅಂದರು ಫಾದರ್. "ಪ್ರಾಯಶ್ಚಿತ್ತಕ್ಕೆ ಒಂದೇ ನಮೋ ಮರಿಯಾ. ಅದರಲ್ಲೂ ಮೊದಲರ್ಧ ಮಾತ್ರ. ತಂಗಿ ಕಿವಿಗೆ ಬೀಳೋ ಹಾಗೆ ಹೇಳಿ."

"ಅವಳು ಉತ್ತರ ಹೇಳದೇ ಹೋದ್ರೆ?"

"ನಿಮ್ಮರ್ಧ ನೀವು ಹೇಳಿರ್ತೀರಲ್ಲ."

ಅಂಗಡಿಗೆ ಬಂದವಳೇ ಇನ್ನೂ ತೋಳು ಕೂಡಿಸದ ಅಂಗಿಯನ್ನು ಪಕ್ಕಕ್ಕೆ ಸರಿಸಿ ಫೋನ್ ಹಚ್ಚಿದಳು. 'ನನ್ನದು ತಪ್ಪಾಯ್ತು ಕಣೇ' ಅಂತ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದಳು. "ಹಲೋ" ಅಂತ ತಂಗಿಯ ದನಿ ಕೇಳಿದ್ದೇ ತಡ, ಅದೆಲ್ಲ ಮರೆತೇಹೋಯಿತು. ಬಂದದ್ದು "ನಮೋ ಮರಿಯಾ" ಒಂದೇ. ಹೇಗೋ ತನ್ನರ್ಧ ಮುಗಿಸಿ, ಕಣ್ಣು ಮುಚ್ಚಿ ನಿಂತಳು.

ತಂಗಿ ಫೋನ್ ಇಟ್ಟೇಬಿಟ್ಟಳೇನೋ! ಇಟ್ಟರೂ ಯಾವ ಬಾಯಲ್ಲಿ ಬೈಯುವುದು? ದೇವರೇ, ಒಂದು ಸಲ, ಒಂದೇ ಒಂದು ಸಲ ಅವಳ ಬಾಯಿ ಬಿಡಿಸು ಅಂತ ಟೈಲರಮ್ಮ ಸೆರಗು ಕಚ್ಚಿ ಬೇಡಿಕೊಂಡಳು.

"ಸಂತ ಮರಿಯಾ," ಅಂತು ಅಳು ನುಂಗಿದ ದನಿ. "ದೇವಮಾತೆಯೇ, ಪಾಪುಗಳಾದ ನಮಗಾಗಿ..."

"ಪಾಪಿಗಳಾದ ಕಣೇ," ಬಿಕ್ಕುತ್ತಲೇ ತಿದ್ದಿದಳು ಅಕ್ಕ.

"ಪಾಪಿ ನೀನು. ನಾನು ಪಾಪುನೇ." ತಂಗಿ ಮೂಗು ಎಳೆದುಕೊಂಡಳು. "ನಿಲ್ಲಿಸ್ಬೇಡ. ಇನ್ನೊಂದು ಹೇಳಕ್ಕ."