ನೀರು ಮುಟ್ಟದ ಪುಡಿ

ಮೊದಲ ಏಟಿಗೇ ಭಾವನ ಮೂಗು ಒಡೆಯಿತು. ಎರಡನೆಯದು ಬಾಯಿಗೆ ಬಿತ್ತು; ಹಲ್ಲಿಗೆ ತಾಗಿ ಇವನ ಬೆರಳ ಗೆಣ್ಣೂ ಸೀಳಿತು. ಕಲ್ಲಿನ ಪುಡಿ ಬೆರೆಸುವ ದೊಡ್ಡ ಮಿಕ್ಸರಿನ ಇನ್ನೂ ಆರದ ಬಿಸಿ ಬೆನ್ನಿಗೆ ತಗುಲಿ ಭಾವ ಹೌಹಾರಿ ಮುಂದೆ ಬಂದ. ಬಂದವನ ಕೊರಳಪಟ್ಟಿ ಹಿಡಿದು ಇವನು ಮತ್ತೆ ಅಲ್ಲಿಗೇ ಒತ್ತಿದ.

"ನಮ್ಮಣ್ಣನ ಕಣ್ಣು ತೆಗೆದ್ಯಲ್ಲೋ!"

ಇಷ್ಟು ವರ್ಷ 'ನೀವು' ಎನ್ನುತ್ತಿದ್ದ ಬಾಯಿ.

ಪಕ್ಕದ ಕಾರ್ಖಾನೆಯಲ್ಲಿ ಅಣ್ಣ ಫ್ಯಾನು ತಿರುಗಿಸಿ ನೋಡುವಾಗ ಪ್ಲಾಸ್ಟಿಕ್ ರೆಕ್ಕೆ ಮುರಿದು ಬಲಗಣ್ಣಿಗೆ ಹೊಕ್ಕಿತ್ತು. ಆ ಪ್ಲಾಸ್ಟಿಕ್ಕಿಗೆ ಬೆರೆಸಿದ ಕಲ್ಲಿನ ಪುಡಿ ಇಲ್ಲಿಂದಲೇ ಹೋದದ್ದು. ಬಿಸಿ ಮಿಕ್ಸರಿನಲ್ಲಿ ಪುಡಿ ತಿರುಗುವಾಗ ಸಿಲೇನ್ ಎಂಬ ರಾಸಾಯನಿಕ ಸಿಂಪಡಿಸಬೇಕು. ಆಗಲೇ ಪ್ಲಾಸ್ಟಿಕ್ ಪುಡಿಯನ್ನು ಕಚ್ಚಿ ಹಿಡಿಯುವುದು. ಸಿಂಪಡಿಸುವವನು ಭಾವ. ಮೂಟೆ ತುಂಬಿ ಬಾಯಿ ಹೊಲಿಯುವವನು ಇವನು. ಸಿಲೇನ್ ಕಂಡ ಪುಡಿ ನೀರು ಕುಡಿಯುವುದಿಲ್ಲ, ಲೋಟಕ್ಕೆ ಹಾಕಿದರೆ ತೇಲುತ್ತದೆ. ಪಕ್ಕದ ಕಾರ್ಖಾನೆಯವರು ಹಾಕಿದ ಚಿಟಿಕೆ ಮುಳುಗಿತ್ತಂತೆ. ಉಳಿದ ಎರಡು ಮೂಟೆ ವಾಪಸು ಬಂದು ಗೋಡೆಗೊರಗಿ ನಿಂತಿದ್ದವು. ಎರಡರ ಮೇಲೂ ಒಂದೇ ಬ್ಯಾಚಿನ ನಂಬರು.

"ಹಾಕಿದೀನಿ ಕಣೋ, ನಿಮ್ಮಕ್ಕನಾಣೆ."

"ಅಕ್ಕನ ಹೆಸರೆತ್ತಬೇಡ!"

"ಒಂದು ಲೋಟ ನೀರು ತಾ. ನೀನೇ ಹಾಕಿ ನೋಡು."

"ನೀರು ಬೇಕಾ? ಇರು, ಕುಡಿಸ್ತೀನಿ."

ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ ಮೇಸ್ತ್ರಿ ನಾಲಗೆ ಲೊಚಗುಟ್ಟಿದ. "ಬಿಡಬೇಡ ಅವನ್ನ. ಇವನ ತೂಕಡಿಕೆಗೆ ನಿಮ್ಮಣ್ಣ ಕಣ್ಣು ಕೊಡಬೇಕಾಯ್ತು."

ಇವನು ಭಾವನ ಹೊಟ್ಟೆಗೆ ಒದ್ದ. ಭಾವ ಒಂದು ಮೂಟೆಯ ಮೇಲೆ ಬಿದ್ದ; ಮೂಟೆ ಬಿರಿದು ಪುಡಿ ಬಿಳಿ ಹೊಗೆಯ ಹಾಗೆ ಎದ್ದಿತು. ಮೊಣಕಾಲೂರಿ ಏಳುವಾಗ ಮೂಗಿನ ರಕ್ತ ಪುಡಿಯ ರಾಶಿಯ ಮೇಲೆ ತೊಟ್ಟಿಕ್ಕಿತು. ಇಂಗಲಿಲ್ಲ. ಹನಿ ಗುಂಡಗೆ ನಿಂತಿತು, ಬಿಳಿ ಮೆತ್ತಿಕೊಂಡು ಮಣಿಯ ಹಾಗೆ ಉರುಳಿ ಇವನ ಬೂಟಿಗೆ ತಾಗಿತು. ಹಿಂದೆಯೇ ಇನ್ನೊಂದು.

ಎತ್ತಿದ ಮುಷ್ಟಿ ಎತ್ತಿದಲ್ಲೇ ಉಳಿಯಿತು.

"ನೀರು ತಾ ಅಂದೆ," ಭಾವ ರಕ್ತ ಉಗುಳಿದ. "ಸೋಮಾರಿ ನನ್ಮಗನೆ, ನೀರು ತರೋಕಾಗ್ಲಿಲ್ಲ ನಿಂಗೆ."

ಇನ್ನೊಂದು ಮೂಟೆಯ ಬಾಯಲ್ಲಿ ಮಿಷನ್ ಹೊಲಿಗೆ ಇರಲಿಲ್ಲ. ಕೈಹೊಲಿಗೆ, ಕೊನೆಗೆ ಎರಡು ಗಂಟು. ಮಾಲು ಕಳಿಸಿದ ದಿನ ಹೊಲಿಗೆ ಮಿಷನ್ ಕೆಟ್ಟಿತ್ತು, ಲಾರಿ ಹಾರನ್ ಬಾರಿಸುತ್ತಿತ್ತು, ಆರು ಮೂಟೆ ಕಡಿಮೆ ಬಿದ್ದಿದ್ದವು. "ಮಿಕ್ಸರಿಗೆ ಹಾಕದ ಪುಡಿ ಮೂಲೇಲಿ ಬಿದ್ದಿದೆಯಲ್ಲ, ಅದನ್ನೇ ತುಂಬಿ ಕಳಿಸು. ಎರಡೂ ಬೆಳ್ಳಗೇ ಇವೆ," ಎಂದಿದ್ದ ಮೇಸ್ತ್ರಿ. ಇವನು ನಕ್ಕಿದ್ದ. ತುಂಬಿದ್ದ. ಲಾರಿಯವನ ಜೊತೆ ಹರಟುತ್ತಲೇ ಆರಕ್ಕೂ ಗಂಟು ಹಾಕಿದ್ದ.

"ಯಾಕೋ ನಿಲ್ಲಿಸಿಬಿಟ್ಟೆ?" ಎಂದ ಮೇಸ್ತ್ರಿ. ಕಟ್ಟಿದ ಕೈಗಳು ಬಿಚ್ಚಿದ್ದವು.

ಇವನು ಬಗ್ಗಿ, ಆ ಮೂಟೆಯ ಗಂಟನ್ನು ಹಲ್ಲಿನಿಂದ ಹರಿದು, ಗೆಣ್ಣು ಸೀಳಿದ ಮುಷ್ಟಿಯನ್ನು ಮಣಿಕಟ್ಟಿನವರೆಗೂ ಪುಡಿಯೊಳಗೆ ಇಳಿಸಿದ.

ಹೊರಗೆ ತೆಗೆದಾಗ ಪುಡಿ ರಕ್ತ ಕುಡಿದು ಬೆರಳುಗಳಿಗೆ ಕೆಂಪು ಕೆಸರಾಗಿ ಮೆತ್ತಿತ್ತು. ಅಂಗಿಗೆ ಒರೆಸಿದ. ಮತ್ತೆ ಒರೆಸಿದ. ಅದು ಬಿಡಲಿಲ್ಲ.