ಡೆಟ್ರಾಯ್ಟಿನ ಅಜ್ಜಿ

ತುಮಕೂರಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ನಬೀಲಾಳ ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು. ಮನೆಯ ಕಾಗದಪತ್ರವೆಲ್ಲ ಅಬ್ಬಾ ಯಾಕೂಬರ ಪಾಲು. ಇಪ್ಪತ್ತೆರಡಾದರೂ ಅವರೇ ಅರ್ಜಿ ತುಂಬಬೇಕೇ ಎಂದುಕೊಂಡು, ಈ ಸಲ ಅವಳೇ ತಾನು ಹುಟ್ಟಿದ ಮಿಶಿಗನ್‌ಗೆ ಬರೆದು ಜನನ ಪತ್ರ ತರಿಸಿಕೊಂಡಳು. 2004ರ ಮೇ ತಿಂಗಳ ಒಂದು ಶನಿವಾರ ಬೆಳಿಗ್ಗೆ ಅದು ಸ್ಕೋಕಿಯ ಮನೆಗೆ ಬಂತು. ತಾಯಿಯ ಹೆಸರಿನ ಜಾಗದಲ್ಲಿ ಷಹನಾಜ್ ಅಲ್ಲ, ‘ರೊಸಾಲ್ಬಾ ಮೆದೀನಾ’ ಎಂದಿತ್ತು. ಮೆದೀನಾ ಎಂದರೆ ನಮ್ಮ ಮದೀನಾವೇ ಇರಬೇಕೆಂದು ನಬೀಲಾ ಕ್ಷಣಹೊತ್ತು ಸಮಾಧಾನಪಟ್ಟುಕೊಂಡಳು. ಕೆಳಗೆ ಹುಟ್ಟೂರಿನ ಸಾಲಿನಲ್ಲಿ ಮೆಕ್ಸಿಕೊ ಎಂದಿತ್ತು.

ಷಹನಾಜ್ ಕೊತ್ತಂಬರಿ ಬಿಡಿಸುತ್ತಿದ್ದಳು.

"ಅಮ್ಮಿ, ಇದ್ಯಾರು?"

ಷಹನಾಜ್ ಓದಿದಳು. ಕೈ ಒರೆಸಿಕೊಂಡು ಕುರ್ಚಿ ಎಳೆದು ಕೂತಳು. "ನಿನ್ನ ಹೆತ್ತವಳು ಕಣೆ. ವಿಕ್ಸಮ್‌ನ ಕಾರ್ ಫ್ಯಾಕ್ಟರೀಲಿ ಅಬ್ಬಾ ಜೊತೆ ಕೆಲಸ ಮಾಡ್ತಿದ್ಲು. ನಿನಗೆ ಎಂಟು ತಿಂಗಳಿದ್ದಾಗ ಜ್ವರ ಬಂದು ಹೋಗ್ಬಿಟ್ಲು. ನಾನು ಮದುವೆಯಾಗಿ ಬಂದಾಗ ನಿನಗೆ ಎರಡು ವರ್ಷ. ಮೂರನೇ ದಿನಕ್ಕೇ ಅಮ್ಮಿ ಅಂದುಬಿಟ್ಟೆ. ಆಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

"ಟ್ವೆಂಟಿ ಇಯರ್ಸ್, ಅಮ್ಮಿ!"

ನಬೀಲಾ ಕೋಣೆಗೆ ಹೋಗಿ ಬಾಗಿಲು ಬಡಿದುಕೊಂಡಳು. ಅರ್ಧ ಗಂಟೆಯ ಮೇಲೆ ಹೊರಬಂದರೆ, ಷಹನಾಜ್ ಕಾರಿನ ಕೀ ಹಿಡಿದು ನಿಂತಿದ್ದಳು.

"ನಿನ್ನ ಅಜ್ಜಿ ಡೆಟ್ರಾಯ್ಟಲ್ಲಿದಾರೆ. ಫೋನ್ ಮಾಡಿದೀನಿ. ಬೈಯೋದಿದ್ರೆ ದಾರೀಲಿ ಬೈಯಿ, ಇನ್ನೂರ ಎಂಬತ್ತು ಮೈಲಿ ಇದೆ."

ಅರ್ಧ ದಾರಿಯಲ್ಲಿ ಕಲಮಜೂ ಊರು ಬಂತು. ನಬೀಲಾ ಕೇಳಿದಳು, "ಅಡ್ರೆಸ್ ನಿಮ್ಗೆ ಹೇಗೆ ಗೊತ್ತು?"

"ಅಬ್ಬಾ ಹಳೇ ಪೆಟ್ಟಿಗೇಲಿ ಸಿಕ್ತು. ವರ್ಷಾವರ್ಷ ನಿನ್ನ ಸ್ಕೂಲ್ ಫೋಟೊ ಕಳಿಸ್ತಿದ್ದೆ. ಅಬ್ಬಾಗೆ ಹೇಳಿಲ್ಲ. ಹಳೇದೆಲ್ಲ ಕೆದಕಿದ್ರೆ ಸಂಕಟ ಪಡ್ತಾರೆ ಅಂತ."

ಇಟ್ಟಿಗೆಯ ಪುಟ್ಟ ಮನೆಯ ಗಂಟೆ ಒತ್ತಿದಾಗ ಒಳಗೆ ನಾಯಿ ಬೊಗಳಿತು. "ಸುಮ್ನಿರೋ!" ಎಂದು ಯಾರೋ ಕನ್ನಡದಲ್ಲೇ ಗದರಿದರು. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಬಾಗಿಲು ತೆರೆದ ಮುದುಕಿ ಎಲೋದಿಯಾ ನಕ್ಕಳು. ರೊಸಾಲ್ಬಾ ಗಂಡನಿಂದ ಕಲಿತ ಮಾತಂತೆ ಅದು. ಕಡೆಗೆ ಎಲೋದಿಯಾಳ ಬಾಯನ್ನೂ ಅದರಿಂದಲೇ ಮುಚ್ಚಿಸುತ್ತಿದ್ದಳಂತೆ. ಹಾಗೆ ಇಂಗ್ಲಿಷಿನಲ್ಲಿ ಹೇಳುತ್ತಲೇ ಎಲೋದಿಯಾ ಮೊಮ್ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅಜ್ಜಿಯ ಹುಬ್ಬುಗಳನ್ನು ಕಂಡು ನಬೀಲಾಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಹದಿನಾರರಿಂದ ತಾನು ತಿಂಗಳು ತಿಂಗಳು ಶಪಿಸುತ್ತ ತೆಗೆಸುತ್ತಿದ್ದ ಅದೇ ದಟ್ಟ ಹುಬ್ಬು.

ಆಲ್ಬಮ್ ಬಂತು. ನಬೀಲಾಳ ಪ್ರತಿ ವರ್ಷದ ಫೋಟೊವೂ ಎರಡೆರಡು.

"ನಾನು ಒಂದೇ ಕಳಿಸಿದ್ದು," ಎಂದಳು ಷಹನಾಜ್. ಎಲೋದಿಯಾ ಲಕೋಟೆಗಳ ಕಟ್ಟು ಬಿಚ್ಚಿದಳು. ಅರ್ಧದ ಮೇಲೆ ಯಾಕೂಬರ ಅಕ್ಷರ.

"ಇಬ್ಬರೂ ಇನ್ನೊಬ್ಬರಿಗೆ ಹೇಳಬೇಡ ಅಂದಿರಿ. ಹುಡುಗಿ ತಾನಾಗಿ ಕೇಳೋವರೆಗೆ ಕಾಯಿ ಅಂದಿರಿ. ಇಬ್ಬರಿಗೂ ಮಾತು ಕೊಟ್ಟಿದ್ದೆ," ಎಂದಳು ಮುದುಕಿ.

ಷಹನಾಜ್ ಅಲ್ಲಿಂದಲೇ ಫೋನ್ ಹಚ್ಚಿದಳು. "ರೀ, ಎಲೋದಿಯಾ ಅಮ್ಮನ ಮನೇಲಿದೀವಿ."

ಆ ಕಡೆಯಿಂದ ಯಾಕೂಬ್ ಕೇಳಿದರು, "ನಬೀಲಾ ಊಟ ಮಾಡಿದ್ಲಾ?"

"ನೀವೇ ಬಂದು ಕೇಳಿ."

ಮರುದಿನ ಯಾಕೂಬ್ ಬಸ್ಸಿನಲ್ಲಿ ಬಂದರು. ಕರೆತರಲು ಹೋದ ನಬೀಲಾ ಬೈಗುಳವನ್ನೆಲ್ಲ ಜೋಡಿಸಿಕೊಂಡಿದ್ದಳು. ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮದುವಣಿಗನಂತೆ ತಲೆ ತಗ್ಗಿಸಿ ನಿಂತಿದ್ದರು.

"ತಪ್ಪಾಯ್ತಮ್ಮ."

"ಹೌದು, ತಪ್ಪೇ. ಈಗ ಕಾರು ಹತ್ತಿ. ರೊಸಾಲ್ಬಾ ಹೇಗಿದ್ರು ಹೇಳಿ."

ಯಾಕೂಬ್ ಹೇಳತೊಡಗಿದರು. ಹೆದ್ದಾರಿಯಿಂದ ಇಳಿಯುವ ಎಕ್ಸಿಟ್ ಎರಡು ಸಲ ತಪ್ಪಿತು, ಇಬ್ಬರಿಗೂ ಅವಸರವಿರಲಿಲ್ಲ.