ಎಡಚಿಯ ಬಂದೂಕು

ಒಟ್ಜಿವರೊಂಗೋ ಪಟ್ಟಣ ತಲುಪುವಷ್ಟರಲ್ಲಿ ನಾನು ಮೂರು ಸಲ ಮನಸ್ಸು ಬದಲಾಯಿಸಿದ್ದೆ. ಫಾರ್ಮಿನ ಗೇಟು ದಾಟುವಾಗ ಮುನ್ನೂರೆಪ್ಪತ್ತೈದರ ಬಂದೂಕೇ ಬೇಕು ಅನ್ನಿಸಿತ್ತು, ಕಾಡೆಮ್ಮೆಯನ್ನೂ ಕೆಡವುವಂಥದ್ದು. ಟಾರು ರಸ್ತೆಗೆ ಬಂದಾಗ ಮುನ್ನೂರೆಂಟು ಸಾಕೇನೋ ಅನ್ನಿಸಿತು. ರೈಲು ಹಳಿ ದಾಟುವಾಗ ಮತ್ತೆ ಮುನ್ನೂರೆಪ್ಪತ್ತೈದು. ಆ ಅಂಕಿಗಳು ಗುಂಡಿನ ದಪ್ಪದ ಲೆಕ್ಕ, ದಪ್ಪ ಹೆಚ್ಚಿದಷ್ಟೂ ಪೆಟ್ಟು ಹೆಚ್ಚು. ಪಕ್ಕದಲ್ಲಿ ಅಪ್ಪ ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡು ಒಣಮಾಂಸ ಜಗಿಯುತ್ತಿದ್ದ.

"ಸ್ಟೇರಿಂಗನ್ನ ಯಾಕೆ ಹಾಗೆ ಹಿಂಡ್ತೀಯ ವೆಜುವಾ? ಅದರಲ್ಲಿ ಹಾಲು ಬರಲ್ಲ," ಅಂದ.

"ಸುಮ್ನಿರು ತಾತೆ," ಅಂದೆ. ನಮ್ಮ ಭಾಷೆಯಲ್ಲಿ ತಾತೆ ಅಂದರೆ ಅಪ್ಪ.

"ನಾನು ಸುಮ್ನೇ ಇದೀನಿ. ಗಾಡಿನೇ ನಡುಗ್ತಿದೆ."

ಒಡತಿ ಫ್ರೌ ಓರ್ಟ್ರೂಡ್ ಅವರ ಫಾರ್ಮಿಗೆ ಬೇಟೆಗೆಂದು ಬರುವವರನ್ನು ಕರೆದೊಯ್ಯುವುದು ನಮ್ಮ ಕೆಲಸ. ಅಪ್ಪ ಮುಂದೆ ಹೆಜ್ಜೆ ಗುರುತು ನೋಡುತ್ತಾ ಹೋಗುತ್ತಾನೆ. ಅವನ ಹಿಂದೆ ಬಂದೂಕು ಹಿಡಿದು ನಾನು, ನನ್ನ ಹಿಂದೆ ಅತಿಥಿ. ಅತಿಥಿ ಗಾಯ ಮಾಡಿ ಬಿಟ್ಟ ಪ್ರಾಣಿಯನ್ನು ಹುಡುಕಿ ಮುಗಿಸುವುದು ನನ್ನ ಪಾಲಿನದು. ಹೆಜ್ಜೆ ನೋಡುವವನ ಕಣ್ಣು ನೆಲದ ಮೇಲೇ ಇರುತ್ತದೆ, ಅವನ ಜೀವ ಹಿಂದಿರುವವರ ಕೈಯಲ್ಲಿ.

ಹೋದ ಆಗಸ್ಟಿನಲ್ಲಿ ಗಾಯಗೊಂಡ ಓರಿಕ್ಸ್ ಒಂದು ಮುಳ್ಳುಪೊದೆಯಿಂದ ಎದ್ದು ಬಂತು. ಜಿಂಕೆ ಜಾತಿಯದೇ, ಆದರೆ ಕೊಂಬು ಮಾತ್ರ ಎರಡು ಮೊಳದ ಈಟಿ. ನನ್ನ ಮೊದಲ ಗುಂಡು ಅದನ್ನು ನಿಲ್ಲಿಸಲಿಲ್ಲ. ಎರಡನೆಯದು ಹೊರಡುವ ಮೊದಲೇ ಕೊಂಬು ಅಪ್ಪನ ತೊಡೆ ಹೊಕ್ಕಿತ್ತು.

ಬೋಲ್ಟ್ ಬಲಗಡೆ ಇತ್ತು, ನಾನು ಎಡಚಿ, ಅದಕ್ಕೇ ತಡವಾಯಿತು ಎಂದು ಎಲ್ಲರಿಗೂ ಹೇಳಿದೆ. ಒಂದು ಗುಂಡು ಹಾರಿದ ಮೇಲೆ ಬೋಲ್ಟ್ ಎಂಬ ಆ ಹಿಡಿಯನ್ನು ಎತ್ತಿ, ಹಿಂದಕ್ಕೆಳೆದು, ಮುಂದಕ್ಕೆ ನೂಕಿದರೆ ಮಾತ್ರ ಮುಂದಿನ ತೋಟಾ ಏರುತ್ತದೆ. ಬಲಗೈಯವರಿಗೆ ಅದು ರೆಪ್ಪೆ ಬಡಿಯುವಷ್ಟರ ಕೆಲಸ. ನಾನು ಎಡಗೈಯನ್ನು ಟ್ರಿಗರ್‌ನಿಂದ ಬಿಡಿಸಿ, ಬಂದೂಕಿನ ಮೇಲಿಂದ ಆಚೆ ಚಾಚಿ, ಮುಖ ಎತ್ತಿ, ಗುರಿಯನ್ನೂ ಕಳೆದುಕೊಂಡು ಅದನ್ನು ಮಾಡಬೇಕು. ಇದೆಲ್ಲ ಸುಳ್ಳಲ್ಲವಾದ್ದರಿಂದ ಯಾರೂ ಮರುಪ್ರಶ್ನೆ ಹಾಕಲಿಲ್ಲ. ಚಿಕ್ಕಂದಿನಲ್ಲಿ ಎಡಗೈಯಲ್ಲಿ ಹಾಲಿನ ಬಟ್ಟಲು ಕೊಟ್ಟರೆ ಮಣಿಕಟ್ಟಿಗೆ ಬಾರಿಸುತ್ತಿದ್ದ ಅಜ್ಜಿ ಕೂಡ, "ಪಾಪ, ಆ ಬಂದೂಕೇ ಅವಳದಲ್ಲ," ಎಂದು ನನ್ನ ಪರ ಮಾತಾಡಿದಳು.

"ಜೂನ್ ಒಳಗೆ ಎಡಗೈಯದು ತಗೊಂಡು ಪಳಗಿಸ್ಕೋ," ಎಂದಿದ್ದರು ಫ್ರೌ ಓರ್ಟ್ರೂಡ್. "ಆಗದಿದ್ರೆ ಬಂದೂಕು ಬೇರೆಯವರಿಗೆ. ನಿನಗೆ ಅಡುಗೆಮನೆ ಇದ್ದೇ ಇದೆ."

ಅಡುಗೆಮನೆ ಹಾಳಾಗಲಿ. ಅಪ್ಪ ಮತ್ತೆ ನನ್ನ ಮುಂದೆ ನಡೆಯಬೇಕು, ನನಗೆ ಬೇಕಾಗಿದ್ದು ಅಷ್ಟೇ. ಈಸ್ಟರ್‌ಗೆ ಕೇಳಿದಾಗಲೂ, ಮೊನ್ನೆ ಕೇಳಿದಾಗಲೂ ಅವನದು ಒಂದೇ ಮಾತು: "ಕಾಲು ಇನ್ನೂ ವಾಸಿಯಾಗಿಲ್ಲ ಕಣವ್ವ." ಅವನು ಕುಂಟುತ್ತಾ ದನದ ಕೊಟ್ಟಿಗೆಗೆ ಹೋಗುವುದನ್ನು ನೋಡಿದಾಗಲೆಲ್ಲ ಕೂತಲ್ಲಿ ಕೂರಲಾಗದೆ ಎದ್ದು ಎಲ್ಲಿಗೋ ಹೊರಟುಬಿಡುತ್ತಿದ್ದೆ.

ಬಂದೂಕಿನ ಅಂಗಡಿಯ ಮುದುಕ ಲ್ಯೂಟಿಖ್ ನಮ್ಮ ಭಾಷೆಯನ್ನು ನಮಗಿಂತ ಚೆನ್ನಾಗಿ ಬೈಗುಳಕ್ಕೆ ಬಳಸಬಲ್ಲವನು. ಎಡಗೈ ಬಂದೂಕುಗಳು ಅವನಲ್ಲಿ ಎರಡೇ ಇದ್ದವು. ಒಂದು ಮುನ್ನೂರೆಪ್ಪತ್ತೈದು, ಇನ್ನೊಂದು ಮುನ್ನೂರೆಂಟು.

"ಎಡಚರು ಅಂತ ಒಂದು ಜಾತಿ ಇದೆ ಅನ್ನೋದು ಕಾರ್ಖಾನೆಯವರಿಗೆ ಈಗೀಗ ಗೊತ್ತಾಗಿದೆ. ಹಿಡ್ಕೊಂಡು ನೋಡು," ಅಂದ.

ದೊಡ್ಡದನ್ನೇ ಎತ್ತಿಕೊಂಡೆ. ಬೋಲ್ಟ್ ನನ್ನ ಎಡಗೈ ಬೆರಳ ಬುಡದಲ್ಲೇ ಇತ್ತು. ಎತ್ತಿದೆ, ಎಳೆದೆ, ನೂಕಿದೆ. ಕೆನ್ನೆ ಬಂದೂಕಿನ ಮರದ ಬುಡದಿಂದ ಕದಲಲಿಲ್ಲ. ಜೀವಮಾನವೆಲ್ಲ ಚಪ್ಪಲಿಯನ್ನು ಅದಲುಬದಲು ಹಾಕಿಕೊಂಡು ನಡೆದವಳು ಒಂದು ದಿನ ಸರಿಯಾಗಿ ಹಾಕಿಕೊಂಡಂತಾಯಿತು. ನಗು ಬಂತು. ಅಪ್ಪನ ಕಡೆ ನೋಡಿದೆ. ಅವನು ನಗಲಿಲ್ಲ.

"ಇದೇ ಇರಲಿ," ಅಂದೆ.

"ಭುಜಾನ ಕೇಳಿದ್ಯಾ? ಕತ್ತೆ ಒದ್ದ ಹಾಗೆ ಒದೆಯುತ್ತೆ ಅದು," ಅಂದ ಲ್ಯೂಟಿಖ್.

"ಒದೀಲಿ. ಒಂದೇ ಗುಂಡಿಗೆ ಬೀಳಬೇಕು."

"ಬೀಳೋದು ಪ್ರಾಣಿನೋ ನೀನೋ ನೋಡೋಣ ನಡಿ. ಹೊಡೆದು ನೋಡದೆ ನಾನು ಯಾರಿಗೂ ಬಂದೂಕು ಕೊಡಲ್ಲ."

ಊರಾಚೆ ಒಣ ಹೊಳೆಯ ದಂಡೆಯಲ್ಲಿ ಗುರಿ ಅಭ್ಯಾಸದ ಜಾಗವಿದೆ, ನೂರು ಹೆಜ್ಜೆ ದೂರದಲ್ಲಿ ಮಣ್ಣಿನ ದಿಬ್ಬ. ಲ್ಯೂಟಿಖ್ ಅದರ ಮುಂದೆ ಗುರಿಯ ಕಾಗದ ಕಟ್ಟಿದ. ನಾನು ಮೂರು ಗುಂಡು ಹೊಡೆದೆ. ಮೂರೂ ಕೆಳಕ್ಕೆ, ಬಲಕ್ಕೆ ಬಿದ್ದಿದ್ದವು. ಒಂದಂತೂ ಕಾಗದಕ್ಕೇ ತಾಗಿರಲಿಲ್ಲ.

"ಬಂದೂಕಿನ ಮೇಲಿನ ದುರ್ಬೀನು ಸರಿ ಇಲ್ಲ," ಅಂದೆ.

ಲ್ಯೂಟಿಖ್ ಬಂದೂಕು ತೆಗೆದುಕೊಂಡು ತನ್ನ ಬಲಭುಜಕ್ಕೇ ಒಡ್ಡಿ, ಗೊಣಗುತ್ತಾ ಒಂದು ಹೊಡೆದ. ನಡುವಿನ ಕಪ್ಪು ಚುಕ್ಕೆಗೆ ತೂತು ಬಿತ್ತು.

"ದುರ್ಬೀನು ಚೆನ್ನಾಗೇ ಇದೆ. ಈ ಸಲ ನಾನೇ ತುಂಬಿಸಿಕೊಡ್ತೀನಿ," ಎಂದು ನನಗೆ ಬೆನ್ನು ಮಾಡಿ ತುಂಬಿಸಿ ಕೊಟ್ಟ.

ಗುರಿ ಹಿಡಿದೆ. ಉಸಿರು ಬಿಗಿಹಿಡಿದೆ. ಟ್ರಿಗರ್ ಒತ್ತಿದೆ. ಟಕ್ ಎಂದಿತು, ಅಷ್ಟೇ. ಸದ್ದಿಲ್ಲ, ಒದೆಯಿಲ್ಲ. ಆದರೂ ನಳಿಗೆ ಗೇಣುದ್ದ ಕೆಳಕ್ಕೆ ಕುಸಿದಿತ್ತು, ಭುಜ ಮುಂದಕ್ಕೆ ನುಗ್ಗಿತ್ತು, ನನ್ನ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿದ್ದವು.

ಲ್ಯೂಟಿಖ್ ಬೋಲ್ಟ್ ಎಳೆದು ಒಳಗಿದ್ದ ಖಾಲಿ ತೋಟಾವನ್ನು ಅಂಗೈಗೆ ಬೀಳಿಸಿಕೊಂಡ. "ಒದೆ ಬರೋಕೆ ಮುಂಚೆನೇ ನೀನು ಹೆದರಿ ತಳ್ತೀಯ," ಎಂದ. ಬೈಗುಳ ಸೇರಿಸಲಿಲ್ಲ. ನನ್ನ ಮುಖ ನೋಡಿ, ಕಾಫಿ ತರುವ ನೆಪ ಹೇಳಿ ಗಾಡಿಯ ಕಡೆ ಹೋದ.

ಹತ್ತೊಂಬತ್ತನೇ ವಯಸ್ಸಿನಲ್ಲಿ ಫಾರ್ಮಿನ ಹಳೇ ಬಂದೂಕು ಒದ್ದಾಗ ದುರ್ಬೀನಿನ ಅಂಚು ನನ್ನ ಹುಬ್ಬನ್ನು ಸೀಳಿತ್ತು. ಆ ಗಾಯ ಯಾವತ್ತೋ ಮಾಯಿತು. ಕಣ್ಣು ಮಾತ್ರ ಅವತ್ತಿನಿಂದ ತಾನೇ ಮುಚ್ಚಿಕೊಳ್ಳುವುದನ್ನು ಕಲಿತುಬಿಟ್ಟಿತ್ತು. ನನಗೆ ಇದು ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಒಂಬತ್ತು ತಿಂಗಳು ಬೋಲ್ಟ್ ಡೊಂಕು ಅಂದಿದ್ದೆ, ಹೇಳಿ ಹೇಳಿ ನಾನೇ ನಂಬಿದ್ದೆ.

ಅಪ್ಪ ಹಿಂದೆ ಕಲ್ಲಿನ ಮೇಲೆ ಕೂತಿದ್ದ. ಅವನ ಕಡೆ ತಿರುಗಲು ಧೈರ್ಯ ಬರಲಿಲ್ಲ, ದಿಬ್ಬ ನೋಡುತ್ತಲೇ ಹೇಳಿದೆ.

"ತಾತೆ, ಅವತ್ತು ತಪ್ಪು ಬೋಲ್ಟಿಂದಲ್ಲ."

"ಗೊತ್ತು."

"ಮೊದಲನೇ ಗುಂಡು ಹೊಡೀವಾಗಲೇ ಕಣ್ಣು ಮುಚ್ಚಿದ್ದೆ."

"ಗೊತ್ತು ಕಣವ್ವ. ನನ್ನ ಮೊಣಕಾಲ ಪಕ್ಕದಲ್ಲಿ ಮಣ್ಣು ಹಾರ್ತು. ಪ್ರಾಣಿ ಇನ್ನೂ ಅಷ್ಟು ದೂರ ಇತ್ತು."

ನನ್ನ ಗುಂಡು ಓರಿಕ್ಸಿನ ಹತ್ತಿರವೂ ಹೋಗಿರಲಿಲ್ಲ. ಇನ್ನೊಂದು ಗೇಣು ಆಚೀಚೆಯಾಗಿದ್ದರೆ ಅಪ್ಪನಿಗೇ ತಾಗುತ್ತಿತ್ತು.

"ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಆಯಮ್ಮ ಬಂದೂಕು ಕಿತ್ಕೊಂಡು ನಿನ್ನ ಕೈಗೆ ಸೌಟು ಕೊಡ್ತಿದ್ರು."

ಅವನು ಎದ್ದ ಸದ್ದಾಯಿತು. ನನ್ನನ್ನು ದಾಟಿ ಗುರಿಯ ಕಾಗದದವರೆಗೆ ನಡೆದು ಹೋದ. ಕಾಗದ ಬಿಚ್ಚಿಕೊಂಡು ವಾಪಸು ನಡೆದು ಬಂದ. ಹೋಗುವಾಗಲೂ ಕುಂಟಲಿಲ್ಲ, ಬರುವಾಗಲೂ ಕುಂಟಲಿಲ್ಲ.

"ಕಾಲು ಕ್ರಿಸ್‌ಮಸ್ಸಿಗೇ ವಾಸಿಯಾಗಿತ್ತು," ಅಂದ. "ನಿನ್ನ ಮುಂದೆ ನಡೆಯೋಕೆ ಭಯ. ಮಗಳಿಗೆ ಹಾಗಂತ ಹೇಳೋಕೆ ಬಾಯಿ ಬರಲಿಲ್ಲ. ಅದಕ್ಕೇ ಕುಂಟ್ತಾ ಇದ್ದೆ."

ಅಳು ಬರಲಿಲ್ಲ. ನಾಚಿಕೆಯಾಯಿತು, ಆಮೇಲೆ ಕೋಪ ಬಂತು, ನನ್ನ ಮೇಲೋ ಅವನ ಮೇಲೋ ತಿಳಿಯಲಿಲ್ಲ. ಬೆಳೆದ ಮಗಳ ಮಾನ ಉಳಿಸಲು ಆ ವಯಸ್ಸಿನಲ್ಲಿ ಐದು ತಿಂಗಳು ಕುಂಟಿದ ಮನುಷ್ಯನನ್ನು ಏನಂತ ಬೈಯುವುದು? ದೊಡ್ಡ ಬಂದೂಕನ್ನು ಗೋಣಿಚೀಲದ ಮೇಲೆ ಇಟ್ಟೆ.

ಲ್ಯೂಟಿಖ್ ಕಾಫಿ ತಂದಾಗ ಮುನ್ನೂರೆಂಟು ಕೊಡು ಎಂದೆ.

"ಅತಿಥಿಗಳು ಚಿಕ್ಕದು ಅಂತ ನಗ್ತಾರೆ," ಅಂದ, ನನ್ನನ್ನೇ ಪರೀಕ್ಷಿಸುವವನಂತೆ.

"ನಗಲಿ."

"ಹಾಗಾದ್ರೆ ಕೇಳು. ದೊಡ್ಡ ಗುಂಡು ತಪ್ಪಿದ್ರೆ ದೊಡ್ಡ ಸದ್ದು, ಅಷ್ಟೇ. ಬೀಳೋ ಕಡೆ ಬಿದ್ರೆ ಓರಿಕ್ಸಿಗೆ ಇದೇ ಹೆಚ್ಚು. ಕಾಡೆಮ್ಮೆ ತಂಟೆಗೆ ಮಾತ್ರ ಹೋಗಬೇಡ."

ಅಪ್ಪ ಪಕ್ಕದಲ್ಲಿ ಕೂತು ತುಂಬಿಸಿಕೊಟ್ಟ. ಒಮ್ಮೆ ನಿಜವಾದದ್ದು, ಒಮ್ಮೆ ಖಾಲಿ, ಯಾವುದೆಂದು ನನಗೆ ಹೇಳದೆ. ನಳಿಗೆ ಕುಸಿದಾಗಲೆಲ್ಲ "ಮುಚ್ಚಿದೆ," ಎನ್ನುತ್ತಿದ್ದ, ದನ ಎಣಿಸುವ ದನಿಯಲ್ಲಿ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಹತ್ತರಲ್ಲಿ ಎರಡು ಸಲ ಮಾತ್ರ ಹಾಗೆ ಹೇಳಿದ.

ಫ್ರೌ ಓರ್ಟ್ರೂಡ್ ಅವರಿಗೆ ಅವತ್ತೇ ಸಂಜೆ ಎಲ್ಲವನ್ನೂ ಹೇಳಿಬಿಟ್ಟೆ. ಈ ಹಂಗಾಮಿನಲ್ಲಿ ನನ್ನ ಮುಂದೆ ಯಾರನ್ನೂ ನಡೆಸಬೇಡಿ ಎಂದೆ. ಅವರು ಅಡುಗೆಮನೆಗೆ ಬೇಕಾದ ಸಣ್ಣ ಜಿಂಕೆ ಹೊಡೆದು ತರುವ ಕೆಲಸ ಕೊಟ್ಟರು. ಎರಡು ತಿಂಗಳು ಒಬ್ಬಳೇ ಹೊಡೆದೆ. ದಿನಾ ಬೆಳಿಗ್ಗೆ ಅಪ್ಪನ ಖಾಲಿ ತೋಟಾದ ಆಟವೂ ನಡೆಯಿತು. "ಮುಚ್ಚಿದೆ" ಎಂಬ ಮಾತು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಜುಲೈ ಕೊನೆಯಲ್ಲಿ ಅತಿಥಿಯೊಬ್ಬ ಓರಿಕ್ಸ್ ಒಂದನ್ನು ಗಾಯ ಮಾಡಿ ಬಿಟ್ಟ. ಬಂದೂಕು ಹಿಡಿಯುವ ಬೇರೆಯವರು ಇನ್ನೊಂದು ತಂಡದ ಜೊತೆ ದೂರ ಹೋಗಿದ್ದರು, ಹತ್ತಿರವಿದ್ದವಳು ನಾನೊಬ್ಬಳೇ. ಗಾಯದ ಪ್ರಾಣಿಯನ್ನು ನರಳಲು ಬಿಡುವ ಹಾಗಿಲ್ಲ. ಅತಿಥಿಯನ್ನೂ ಅಪ್ಪನನ್ನೂ ಗಾಡಿಯಲ್ಲೇ ಬಿಟ್ಟು ನಾನೊಬ್ಬಳೇ ರಕ್ತದ ಹನಿ ಹಿಡಿದು ಹೊರಟೆ. ಕಲ್ಲುನೆಲ ಬಂದಲ್ಲಿ ಹನಿ ನಿಂತುಹೋಯಿತು. ಮುಂದೆ ಮುಳ್ಳುಪೊದೆಗಳು. ನನಗೆ ದಿಕ್ಕೇ ತೋಚಲಿಲ್ಲ.

ಹಿಂದೆ ಹೆಜ್ಜೆ ಸದ್ದಾಯಿತು. ಅಪ್ಪ ಬಂದು ನನ್ನನ್ನು ದಾಟಿ ಮುಂದೆ ನಿಂತ.

"ಬೇಡ ತಾತೆ. ಹಿಂದೆ ಬಾ."

"ಹಿಂದಿನಿಂದ ನೆಲ ಕಾಣಲ್ಲ."

"ನಿನ್ನ ಭಯ ಹೋಯ್ತಾ?"

"ಇಲ್ಲ. ನಿಂದು?"

ಹೋಯಿತು ಎಂದು ಬಾಯಿ ತುದಿಗೆ ಬಂತು. "ಇಲ್ಲ," ಅಂದೆ.

"ಸರಿ ಹಾಗಿದ್ರೆ. ನಡಿ," ಎಂದು ಅವನು ನನಗೆ ಬೆನ್ನು ಮಾಡಿ ಕಲ್ಲುಗಳ ಮೇಲೆ ಬಗ್ಗಿದ. ನಾನು ಬೋಲ್ಟ್ ಎಳೆದು ತೋಟಾ ಏರಿಸಿ, ಕಣ್ಣು ಬಿಟ್ಟುಕೊಂಡು ಅವನ ಹಿಂದೆ ಹೊರಟೆ.